ವೈವಿಧ್ಯ ತರಬೇತಿ ಕಡ್ಡಾಯವಾಗಬೇಕೆ? ಉದ್ಯೋಗದಾತರ ಮುಂದಿರುವ ನಾಲ್ಕು ದಾರಿಗಳು

ಸಂಸ್ಥೆಯಲ್ಲಿ ತಾರತಮ್ಯದ ದೂರೊಂದು ಎದ್ದಿತೆಂದರೆ ಕೆಲವೇ ದಿನಗಳಲ್ಲಿ ಹೊರಡುವ ಸುತ್ತೋಲೆ ಬಹುತೇಕ ಒಂದೇ ಬಗೆಯದಾಗಿರುತ್ತದೆ: ಎಲ್ಲ ಸಿಬ್ಬಂದಿಗೂ ವೈವಿಧ್ಯ ತರಬೇತಿ ಕಡ್ಡಾಯ, ತಿಂಗಳಾಂತ್ಯದೊಳಗೆ ಮುಗಿಸತಕ್ಕದ್ದು. ಲಿಂಗ, ಜಾತಿ, ಜನಾಂಗ, ಧರ್ಮ, ಅಂಗವೈಕಲ್ಯ, ವಯಸ್ಸು, ಭಾಷೆ, ಲೈಂಗಿಕತೆ ಇವುಗಳ ಕಾರಣಕ್ಕೆ ಯಾರನ್ನೂ ಕೀಳಾಗಿ ಕಾಣಬಾರದು ಎಂಬ ಮಾತನ್ನು ಎಲ್ಲರಿಗೂ ಮುಟ್ಟಿಸಲು ಅದೇ ನೇರ ದಾರಿ ಎಂದು ಆಡಳಿತ ನಂಬುತ್ತದೆ. ಆ ಆಶಯವನ್ನು ನಾನು ಮನಸಾರೆ ಒಪ್ಪುತ್ತೇನೆ. ದುಡಿಯುವ ಜಾಗದಲ್ಲಿ ಹುಟ್ಟಿನ ಕಾರಣಕ್ಕೆ ಒಬ್ಬರು ತಲೆ ತಗ್ಗಿಸುವಂತಾಗುವುದು ಅನ್ಯಾಯ. ಅದನ್ನು ತಡೆಯುವ ಹೊಣೆ ಸಂಬಳ ಕೊಡುವವರದೇ. ಆದರೆ ಎಲ್ಲರನ್ನೂ ಒಂದು ಗಂಟೆ ಕೂರಿಸಿ ಪಾಠ ಹೇಳಿದರೆ ಆ ಹೊಣೆ ತೀರುತ್ತದೆಯೇ ಎಂದು ಕೇಳಿದರೆ, ದಶಕಗಳ ಸಂಶೋಧನೆ ಕೊಡುವ ಉತ್ತರ ಅಷ್ಟೇನೂ ಆಶಾದಾಯಕವಾಗಿಲ್ಲ.

ನಿರ್ಧಾರ ತೆಗೆದುಕೊಳ್ಳಬೇಕಾದವರ ಮುಂದೆ ಸ್ಥೂಲವಾಗಿ ನಾಲ್ಕು ದಾರಿಗಳಿವೆ. ತರಬೇತಿಯನ್ನು ಎಲ್ಲರಿಗೂ ಕಡ್ಡಾಯ ಮಾಡುವುದು. ಇಷ್ಟವಿದ್ದವರು ಬರಲಿ ಎಂದು ಬಿಡುವುದು. ನೇಮಕಾತಿ, ಬಡ್ತಿ, ಶಿಸ್ತುಕ್ರಮದ ಅಧಿಕಾರ ಇರುವವರಿಗಷ್ಟೇ ಕಡ್ಡಾಯ ಮಾಡುವುದು. ತರಬೇತಿಗೆ ಹಾಕುವ ಹಣ ಮತ್ತು ಸಮಯವನ್ನು ಕೆಲಸದ ಕ್ರಮ ಬದಲಿಸುವುದಕ್ಕೆ ಹಾಕುವುದು. ನನ್ನ ಒಲವನ್ನು ಮೊದಲೇ ಹೇಳಿಬಿಡುತ್ತೇನೆ: ಮೂರನೆಯದನ್ನೂ ನಾಲ್ಕನೆಯದನ್ನೂ ಜೋಡಿಸಿಕೊಂಡವರು ಸರಿಯಾದ ದಾರಿಯಲ್ಲಿದ್ದಾರೆ. ಒತ್ತಾಯ ಬೀಳಬೇಕಾದದ್ದು ಇನ್ನೊಬ್ಬರ ಅನ್ನದ ಮೇಲೆ ಹಿಡಿತ ಇರುವವರ ಮೇಲೆ. ಉಳಿದವರ ಮನಸ್ಸನ್ನು ಆದೇಶ ಹೊರಡಿಸಿ ತಿದ್ದಲು ಹೊರಟರೆ ಅದು ಎದುರು ತಿರುಗಿ ನಿಲ್ಲುತ್ತದೆ.

ಆಯ್ಕೆಗೆ ಮೊದಲು, ಕಾನೂನು

ಕೆಲವು ಪಾಠಗಳ ವಿಷಯದಲ್ಲಿ ಉದ್ಯೋಗದಾತರಿಗೆ ಆಯ್ಕೆಯೇ ಇಲ್ಲ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ ಭಾರತದ 2013ರ ಕಾಯ್ದೆಯು ಸಿಬ್ಬಂದಿಗೆ ನಿಯತವಾಗಿ ಕಾರ್ಯಾಗಾರ ಮತ್ತು ಜಾಗೃತಿ ಕಾರ್ಯಕ್ರಮ ನಡೆಸುವುದನ್ನು ಉದ್ಯೋಗದಾತರ ಕರ್ತವ್ಯವೆಂದೇ ಬರೆದಿದೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ 5 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆ, ಕಿರುಕುಳ ತಡೆ ತರಬೇತಿಯನ್ನು 2 ವರ್ಷಕ್ಕೊಮ್ಮೆ ಕೊಡಲೇಬೇಕು: ಮೇಲ್ವಿಚಾರಕರಿಗೆ 2 ಗಂಟೆ, ಉಳಿದವರಿಗೆ 1 ಗಂಟೆ. ಯಾವ ನಡವಳಿಕೆಗೆ ನಿಷೇಧವಿದೆ, ದೂರು ಯಾರಿಗೆ ಕೊಡಬೇಕು, ವಿಚಾರಣೆ ಹೇಗೆ ನಡೆಯುತ್ತದೆ, ದೂರು ಕೊಟ್ಟವರಿಗೆ ಏನು ರಕ್ಷಣೆ ಎಂಬುದೆಲ್ಲ ನಿಯಮದ ತಿಳಿವಳಿಕೆ. ಅದನ್ನು ಎಲ್ಲರಿಗೂ ಕಡ್ಡಾಯವಾಗಿ ಹೇಳಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಬೆಂಕಿ ಬಿದ್ದರೆ ಯಾವ ಬಾಗಿಲಿನಿಂದ ಹೊರಗೆ ಓಡಬೇಕು ಎಂದು ತಿಳಿಸುವುದಕ್ಕೆ ಯಾರ ಇಷ್ಟವನ್ನೂ ಕೇಳುವುದಿಲ್ಲವಲ್ಲ.

ಜಗಳ ಇರುವುದು ಇನ್ನೊಂದು ಬಗೆಯ ಪಾಠದ ಬಗ್ಗೆ. ನಿಮ್ಮೊಳಗೆ ನಿಮಗೇ ಗೊತ್ತಿಲ್ಲದ ಪೂರ್ವಗ್ರಹಗಳಿವೆ, ಅವನ್ನು ಕಂಡುಕೊಳ್ಳಿ, ಬಿಡಿ ಎನ್ನುವ ಪಾಠ ಅದು. ಇದರ ಸುತ್ತ ರಾಜಕೀಯವೂ ಬೆಳೆದಿದೆ. ಸುಪ್ತ ಪೂರ್ವಗ್ರಹದ ತರಬೇತಿಯನ್ನು ತನ್ನ ಅಧಿಕಾರಿ ವರ್ಗಕ್ಕೆ ಹಂತ ಹಂತವಾಗಿ ನಿಲ್ಲಿಸುವುದಾಗಿ ಬ್ರಿಟನ್ ಸರ್ಕಾರ 2020ರ ಡಿಸೆಂಬರಿನಲ್ಲಿ ಘೋಷಿಸಿತು. ಖಾಸಗಿ ಸಂಸ್ಥೆಗಳು ಇಂಥ ಕೆಲವು ವಿಚಾರಗಳ ತರಬೇತಿಯನ್ನು ಕಡ್ಡಾಯ ಮಾಡಬಾರದೆಂದು ಅಮೆರಿಕದ ಫ್ಲಾರಿಡಾ ರಾಜ್ಯ 2022ರಲ್ಲಿ ಕಾನೂನು ತಂದಿತು. ಅದು ವಾಕ್ ಸ್ವಾತಂತ್ರ್ಯಕ್ಕೆ ವಿರುದ್ಧವೆಂದು ಫೆಡರಲ್ ಮೇಲ್ಮನವಿ ನ್ಯಾಯಾಲಯ 2024ರಲ್ಲಿ ಅದರ ಜಾರಿಯನ್ನು ತಡೆಹಿಡಿದ ಆದೇಶವನ್ನು ಎತ್ತಿಹಿಡಿಯಿತು. ಈ ಎರಡು ಬಗೆಯ ಪಾಠಗಳನ್ನು ಒಂದೇ ಸುತ್ತೋಲೆಯಲ್ಲಿ ಬೆರೆಸುವುದೇ ಅರ್ಧ ಗೊಂದಲಕ್ಕೆ ಕಾರಣ. ನಿಯಮದ ಪಾಠವನ್ನು ಪ್ರತ್ಯೇಕಿಸಿ, ಚಿಕ್ಕದಾಗಿ, ಸ್ಪಷ್ಟವಾಗಿ ಎಲ್ಲರಿಗೂ ಕೊಡಿ. ಇಲ್ಲಿಂದ ಮುಂದಿನ ಹೋಲಿಕೆಯೆಲ್ಲ ಎರಡನೆಯ ಬಗೆಯದಕ್ಕೆ ಸೇರಿದ್ದು.

ಎಲ್ಲರಿಗೂ ಕಡ್ಡಾಯ

ಈ ದಾರಿಯ ಪರವಾಗಿ ಹೇಳಬೇಕಾದದ್ದು ಖಂಡಿತ ಇದೆ. ಎಲ್ಲರೂ ಒಂದೇ ಮಾತನ್ನು ಕೇಳಿರುತ್ತಾರೆ. ನನಗೆ ಗೊತ್ತಿರಲಿಲ್ಲ ಎಂದು ಯಾರೂ ನುಣುಚಿಕೊಳ್ಳುವಂತಿಲ್ಲ. ಹೆಚ್ಚು ಅಗತ್ಯವಿರುವವರೇ ತಪ್ಪಿಸಿಕೊಳ್ಳುವ ಅವಕಾಶವೂ ಇರುವುದಿಲ್ಲ. ಸಂಸ್ಥೆ ಈ ವಿಷಯವನ್ನು ಗಂಭೀರವಾಗಿ ತೆಗೆದುಕೊಂಡಿದೆ ಎಂಬ ಸಂದೇಶ, ಅಂಚಿನಲ್ಲಿರುವ ಸಿಬ್ಬಂದಿಗೆ ಒಂದಿಷ್ಟು ಧೈರ್ಯವನ್ನೂ ಕೊಡಬಹುದು.

ಕಾಗದದ ಮೇಲೆ ಇದೆಲ್ಲ ಸರಿ. ಅದು ನಡೆಯುವ ರೀತಿಯನ್ನು ಹತ್ತಿರದಿಂದ ನೋಡಿ. ಕಂಪ್ಯೂಟರ್ ಪರದೆಯ ಮೇಲೆ ಒಂದರ ನಂತರ ಒಂದು ಸ್ಲೈಡ್. ಪ್ರತಿಯೊಂದರ ಕೆಳಗೂ ‘ಮುಂದೆ’ ಎಂಬ ಗುಂಡಿ, ಅದು ನಿಗದಿತ ಸೆಕೆಂಡುಗಳು ಕಳೆದ ಮೇಲೆಯೇ ಒತ್ತಲು ಸಿಗುತ್ತದೆ. ನಡುವೆ ಇಬ್ಬರು ನಟರ ವಿಡಿಯೊ: ಒಬ್ಬರು ಎದ್ದು ಕಾಣುವಷ್ಟು ಕೆಟ್ಟದಾಗಿ ಮಾತನಾಡುತ್ತಾರೆ, ಇನ್ನೊಬ್ಬರು ಮುಖ ಸಣ್ಣದು ಮಾಡಿಕೊಳ್ಳುತ್ತಾರೆ. ಕೊನೆಗೆ ಹತ್ತು ಪ್ರಶ್ನೆ, ಪ್ರತಿ ಪ್ರಶ್ನೆಗೆ ನಾಲ್ಕು ಉತ್ತರ, ಅವುಗಳಲ್ಲಿ ಮೂರು ತಪ್ಪೆಂದು ಓದುತ್ತಲೇ ಗೊತ್ತಾಗುತ್ತದೆ. ಪ್ರಮಾಣಪತ್ರ ಬರುತ್ತದೆ, ಎಚ್‌ಆರ್ ವಿಭಾಗದ ಪಟ್ಟಿಯಲ್ಲಿ ಆ ಹೆಸರಿನ ಮುಂದೆ ಹಸಿರು ಗುರುತು ಬೀಳುತ್ತದೆ. ಮರುದಿನ ಸಭೆಯಲ್ಲಿ ಕಿರಿಯ ಸಹೋದ್ಯೋಗಿಯ ಮಾತನ್ನು ಅರ್ಧಕ್ಕೇ ತುಂಡರಿಸುವ ವ್ಯಕ್ತಿಗೆ, ತಾನು ನಿನ್ನೆ ನೋಡಿದ ವಿಡಿಯೊ ತನ್ನ ಬಗ್ಗೆಯೇ ಆಗಿತ್ತು ಎಂದು ಹೊಳೆಯುವುದೇ ಇಲ್ಲ, ಏಕೆಂದರೆ ವಿಡಿಯೊದ ಖಳನಾಯಕನಷ್ಟು ಅವರು ಕೆಟ್ಟವರಲ್ಲ.

ಎದುರುಬದುರು ಕೂತು ನಡೆಸುವ ಕಾರ್ಯಾಗಾರದಲ್ಲಿ ಬೇರೊಂದು ತೊಂದರೆಯಿದೆ. ‘ನಿಮಗೆ ಇಂಥ ಅನುಭವ ಆಗಿದ್ದರೆ ಹಂಚಿಕೊಳ್ಳಿ’ ಎಂದು ತರಬೇತುದಾರರು ಹೇಳುತ್ತಾರೆ. ಕೋಣೆಯಲ್ಲಿ ಆ ಸಮುದಾಯಕ್ಕೆ ಸೇರಿದವರು ಒಬ್ಬರೇ ಇದ್ದರೆ ಉಳಿದವರ ಕಣ್ಣೆಲ್ಲ ಅತ್ತ ಹೊರಳುತ್ತದೆ. ಮಾತನಾಡಿದರೆ ದೂರು ಹೇಳಿದ ಹಾಗೆ, ಸುಮ್ಮನಿದ್ದರೆ ಸಮಸ್ಯೆಯೇ ಇಲ್ಲ ಎಂದ ಹಾಗೆ. ಯಾರ ರಕ್ಷಣೆಗೆಂದು ಕಾರ್ಯಾಗಾರ ಏರ್ಪಟ್ಟಿತೋ ಅವರೇ ಆ ಹೊತ್ತಿನ ಪ್ರದರ್ಶನದ ವಸ್ತುವಾಗುತ್ತಾರೆ. ತಮ್ಮ ಮೇಲಧಿಕಾರಿ ಅದೇ ಕೋಣೆಯಲ್ಲಿ ಕೂತಿರುವಾಗ ಆ ವ್ಯಕ್ತಿ ಎಷ್ಟು ಬಾಯಿ ಬಿಟ್ಟಾರು? ಕಡ್ಡಾಯದ ಬಗ್ಗೆ ಮಾತು ಬಂದಾಗಲೆಲ್ಲ ಒಲ್ಲದ ಮನಸ್ಸಿನಿಂದ ಬಂದ ಬಹುಸಂಖ್ಯಾತರ ಬಗ್ಗೆ ಚರ್ಚೆಯಾಗುತ್ತದೆ. ಒಲ್ಲದ ಮನಸ್ಸಿನಿಂದ ಬಂದ ಈ ಒಬ್ಬರ ಬಗ್ಗೆ ಆಗುವುದು ಕಡಿಮೆ.

ಇನ್ನು ಫಲಿತಾಂಶ. ಸಮಾಜಶಾಸ್ತ್ರಜ್ಞರಾದ ಫ್ರಾಂಕ್ ಡಾಬಿನ್ ಮತ್ತು ಅಲೆಕ್ಸಾಂಡ್ರಾ ಕಾಲೆವ್ ಅಮೆರಿಕದ 800ಕ್ಕೂ ಹೆಚ್ಚು ಕಂಪನಿಗಳ ಮೂರು ದಶಕಗಳ ಮಾಹಿತಿಯನ್ನು ಪರಿಶೀಲಿಸಿ 2016ರಲ್ಲಿ ಬರೆದದ್ದನ್ನು ಈ ಚರ್ಚೆಯಲ್ಲಿ ಯಾರೂ ಕಡೆಗಣಿಸುವಂತಿಲ್ಲ. ವ್ಯವಸ್ಥಾಪಕರಿಗೆ ತರಬೇತಿಯನ್ನು ಕಡ್ಡಾಯ ಮಾಡಿದ ಕಂಪನಿಗಳಲ್ಲಿ 5 ವರ್ಷಗಳ ನಂತರ ವ್ಯವಸ್ಥಾಪಕ ಹುದ್ದೆಗಳಲ್ಲಿನ ಕಪ್ಪು ಮಹಿಳೆಯರ ಪಾಲು ಸರಾಸರಿ ಶೇ 9ರಷ್ಟು ಇಳಿದಿತ್ತು, ಏಷ್ಯನ್ ಮೂಲದವರದು ಶೇ 4ರಿಂದ 5ರಷ್ಟು. ಇದು ಪ್ರಯೋಗಶಾಲೆಯ ಪರೀಕ್ಷೆಯಲ್ಲ. ಕಡ್ಡಾಯ ಮಾಡಿದ ಕಂಪನಿಗಳು ಬೇರೆ ಕಾರಣಗಳಿಗೂ ಭಿನ್ನವಾಗಿದ್ದಿರಬಹುದು. ಆದರೂ ಲಕ್ಷಗಟ್ಟಲೆ ಹಣ ಸುರಿದ ಕಾರ್ಯಕ್ರಮದ ಬಳಿಕ ಸಂಖ್ಯೆ ಮೇಲೇರದಿದ್ದರೆ ಅದನ್ನು ಸಮರ್ಥಿಸುವ ಹೊಣೆ ಕಾರ್ಯಕ್ರಮ ಮಾಡಿದವರ ಮೇಲಿರುತ್ತದೆ.

ಹೀಗೇಕೆ ಆಗುತ್ತದೆ? ಒಂದು ಸುಳಿವು 2011ರಲ್ಲಿ ಲಿಸಾ ಲೆಗಾಲ್ಟ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗಗಳಲ್ಲಿ ಸಿಗುತ್ತದೆ. ಪೂರ್ವಗ್ರಹ ಬಿಡಲೇಬೇಕು ಎಂದು ಒತ್ತಡ ಹೇರುವ ಬರಹ ಓದಿದವರಲ್ಲಿ ಪೂರ್ವಗ್ರಹ ಕಡಿಮೆಯಾಗುವ ಬದಲು ಹೆಚ್ಚಾಗಿತ್ತು. ಅದರಿಂದ ತಮಗೂ ಸಮಾಜಕ್ಕೂ ಏನು ಒಳಿತು ಎಂದು ಸ್ವಂತ ಯೋಚನೆಗೆ ಬಿಟ್ಟ ಬರಹ ಓದಿದವರಲ್ಲಿ ಇಳಿದಿತ್ತು. ಎರಡನೆಯ ಅಪಾಯ ಇನ್ನೂ ಸೂಕ್ಷ್ಮವಾದದ್ದು. ಸಂಸ್ಥೆಯಲ್ಲಿ ವೈವಿಧ್ಯ ಕಾರ್ಯಕ್ರಮ ಇದೆ ಎಂದು ತಿಳಿದವರು, ಅಲ್ಲಿಂದ ಬಂದ ತಾರತಮ್ಯದ ದೂರನ್ನು ಅಷ್ಟಾಗಿ ನಂಬುವುದಿಲ್ಲ ಎಂದು ಶೆರಿಲ್ ಕೈಸರ್ ಅವರ ತಂಡ 2013ರಲ್ಲಿ ತೋರಿಸಿತು. ತರಬೇತಿ ಕೊಟ್ಟಿದ್ದೇವಲ್ಲ, ಇನ್ನೆಲ್ಲಿಯ ತಾರತಮ್ಯ ಎನ್ನುವ ಭಾವ. ನನ್ನ ಮಟ್ಟಿಗೆ ಕಡ್ಡಾಯ ತರಬೇತಿಯ ವಿರುದ್ಧದ ಅತ್ಯಂತ ಬಲವಾದ ವಾದ ಇದೇ: ಕಾಟಾಚಾರದ ಪಾಠ ಬರೀ ವ್ಯರ್ಥವಾಗುವುದಿಲ್ಲ, ನಾಳೆ ನಿಜವಾಗಿ ನೊಂದು ಬಂದವರ ಮಾತಿನ ತೂಕವನ್ನೂ ಕಡಿಮೆ ಮಾಡುತ್ತದೆ.

ತರಬೇತಿ ಕೊಟ್ಟ ದಾಖಲೆ ನ್ಯಾಯಾಲಯದಲ್ಲಿ ಕಾಪಾಡುತ್ತದೆ ಎಂದು ಭಾವಿಸುವವರಿಗಾಗಿ ಒಂದು ಪ್ರಕರಣ. ಬ್ರಿಟನ್ನಿನ ಕಂಪನಿಯೊಂದರಲ್ಲಿ ಭಾರತೀಯ ಮೂಲದ ಉದ್ಯೋಗಿಯ ಮೇಲೆ ಸಹೋದ್ಯೋಗಿ ಜನಾಂಗೀಯ ಮಾತುಗಳನ್ನಾಡುತ್ತಿದ್ದ. ನಾವು ಸಮಾನತೆಯ ತರಬೇತಿ ಕೊಟ್ಟಿದ್ದೆವು ಎಂದು ಕಂಪನಿ ವಾದಿಸಿತು. ಆ ತರಬೇತಿ ಹಳಸಿಹೋಗಿತ್ತು, ಮತ್ತೆ ಕೊಡಬೇಕಿತ್ತು ಎಂದ ಕೆಳಗಿನ ನ್ಯಾಯಮಂಡಳಿಯ ತೀರ್ಪನ್ನು ಮೇಲ್ಮನವಿ ನ್ಯಾಯಮಂಡಳಿ 2021ರಲ್ಲಿ ಎತ್ತಿಹಿಡಿಯಿತು. ತರಬೇತಿ ಪಡೆದಿದ್ದ ವ್ಯವಸ್ಥಾಪಕರೇ ಆ ಮಾತುಗಳ ಬಗ್ಗೆ ತಿಳಿದೂ ಸರಿಯಾದ ಕ್ರಮ ಕೈಗೊಂಡಿರಲಿಲ್ಲ. ಹಾಜರಾತಿ ಪುಸ್ತಕ ಅವರನ್ನು ಕಾಪಾಡಲಿಲ್ಲ.

ಇಷ್ಟವಿದ್ದವರಿಗೆ

ಡಾಬಿನ್ ಮತ್ತು ಕಾಲೆವ್ ಅವರ ಅದೇ ಲೆಕ್ಕದಲ್ಲಿ ಐಚ್ಛಿಕ ತರಬೇತಿಯ ಚಿತ್ರ ಬೇರೆಯಾಗಿದೆ. 5 ವರ್ಷಗಳ ನಂತರ ಕಪ್ಪು ಪುರುಷರು, ಹಿಸ್ಪಾನಿಕ್ (ಸ್ಪ್ಯಾನಿಷ್ ಭಾಷಿಕ ನಾಡುಗಳ ಮೂಲದ) ಪುರುಷರು ಹಾಗೂ ಏಷ್ಯನ್ ಮೂಲದ ಸ್ತ್ರೀಪುರುಷರ ಪಾಲು ಶೇ 9ರಿಂದ 13ರಷ್ಟು ಏರಿತ್ತು. ತಾನಾಗಿ ಬಂದವರು ತಮ್ಮನ್ನು ಈ ವಿಷಯದ ಪರವಾಗಿರುವವರೆಂದು ಗುರುತಿಸಿಕೊಳ್ಳುತ್ತಾರೆ, ಹಾಗೆ ಗುರುತಿಸಿಕೊಂಡವರು ನಂತರ ಹಾಗೆಯೇ ನಡೆದುಕೊಳ್ಳಲು ಯತ್ನಿಸುತ್ತಾರೆ ಎಂಬುದು ಅದಕ್ಕೆ ಕೊಡುವ ವಿವರಣೆ.

ಆಕ್ಷೇಪಣೆ ಎಲ್ಲರಿಗೂ ಗೊತ್ತಿರುವುದೇ: ಬರುವವರು ಈಗಾಗಲೇ ಒಪ್ಪಿರುವವರು, ಬರಬೇಕಾದವರು ಬರುವುದಿಲ್ಲ. ಇದು ನಿಜ. ಎಡ್ವರ್ಡ್ ಚಾಂಗ್ ಮತ್ತು ಸಂಗಡಿಗರು ದೊಡ್ಡ ಜಾಗತಿಕ ಸಂಸ್ಥೆಯೊಂದರ 3,000ಕ್ಕೂ ಹೆಚ್ಚು ಸಿಬ್ಬಂದಿಯ ಮೇಲೆ ಒಂದು ಗಂಟೆಯ ಆನ್‌ಲೈನ್ ತರಬೇತಿಯನ್ನು ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಷ್ಟಾಗಿ ಒಲವಿಲ್ಲದವರ ಅಭಿಪ್ರಾಯ ತುಸು ಬದಲಾದರೂ ನಡವಳಿಕೆ ಬದಲಾದದ್ದು ಅತ್ಯಲ್ಪ. ಬದಲಾವಣೆ ಕಂಡದ್ದು ಮೊದಲೇ ಒಲವಿದ್ದ ಗುಂಪುಗಳಲ್ಲಿ. ಹಾಗೆಂದು ಒಲವಿರುವವರಿಗೆ ಕಲಿಸುವುದು ವ್ಯರ್ಥ ಎನ್ನಲಾರೆ. ಸಭೆಯಲ್ಲಿ ಕೆಟ್ಟ ಮಾತು ಕೇಳಿಬಂದಾಗ ಮನಸ್ಸಿನಲ್ಲೇ ನೊಂದುಕೊಂಡು ಸುಮ್ಮನೆ ಕೂರುವವರು ಒಳ್ಳೆಯವರೇ. ಅವರಿಗೆ ಬೇಕಿರುವುದು ಮನಃಪರಿವರ್ತನೆಯಲ್ಲ, ಆ ಕ್ಷಣದಲ್ಲಿ ಏನು ಹೇಳಬೇಕು, ಹೇಗೆ ಮಧ್ಯೆ ಬರಬೇಕು ಎಂಬ ಅಭ್ಯಾಸ. ಐಚ್ಛಿಕ ತರಬೇತಿ ಅದನ್ನು ಚೆನ್ನಾಗಿ ಕೊಡಬಲ್ಲದು. ಆದರೆ ಅದು ಕೆಲಸದ ವೇಳೆಯಲ್ಲೇ ನಡೆಯಬೇಕು. ಊಟದ ವಿರಾಮದಲ್ಲೋ ರಜೆಯ ದಿನವೋ ಇಟ್ಟು ಇಷ್ಟವಿದ್ದವರು ಬನ್ನಿ ಎಂದರೆ ಅದು ಆಹ್ವಾನವೇ ಅಲ್ಲ.

ಅಧಿಕಾರ ಇರುವವರಿಗೆ ಕಡ್ಡಾಯ

ವ್ಯವಸ್ಥಾಪಕರಿಗೇ ಕಡ್ಡಾಯ ಮಾಡಿದ ಕಂಪನಿಗಳಲ್ಲಿ ಫಲಿತಾಂಶ ಕೆಟ್ಟದ್ದು ಎಂದು ಮೇಲೆ ಹೇಳಿ, ಈಗ ಅವರಿಗೇ ಕಡ್ಡಾಯ ಮಾಡಿ ಎನ್ನುವುದು ವಿರೋಧಾಭಾಸವಲ್ಲವೇ ಎಂದು ಓದುಗರು ಕೇಳಬೇಕು. ವ್ಯತ್ಯಾಸ ಪಾಠದ ವಸ್ತುವಿನಲ್ಲಿದೆ. ನೀವು ಪಕ್ಷಪಾತಿಗಳು, ತಿದ್ದಿಕೊಳ್ಳಿ ಎಂದು ವ್ಯವಸ್ಥಾಪಕರಿಗೆ ಹೇಳುವುದು ಒಂದು. ಸಂದರ್ಶನ ಹೇಗೆ ನಡೆಸಬೇಕು, ಅಂಕ ಹೇಗೆ ಕೊಡಬೇಕು, ದೂರು ಬಂದ ಮೊದಲ ದಿನ ಏನು ಮಾಡಬೇಕು, ನಿಮ್ಮ ತಂಡದಲ್ಲಿ ಕಿರುಕುಳ ಕಂಡರೆ ತಡೆಯುವುದು ನಿಮ್ಮ ಕೆಲಸ ಎಂದು ಕಲಿಸುವುದು ಬೇರೆ. ಮೊದಲನೆಯದು ಅವರನ್ನು ಆರೋಪಿಗಳ ಜಾಗದಲ್ಲಿ ನಿಲ್ಲಿಸುತ್ತದೆ, ಎರಡನೆಯದು ಹೊಣೆಗಾರರ ಜಾಗದಲ್ಲಿ.

ಡಾಬಿನ್ ಮತ್ತು ಕಾಲೆವ್ ಅವರೇ ಲೈಂಗಿಕ ಕಿರುಕುಳ ತಡೆ ಕಾರ್ಯಕ್ರಮಗಳ ಬಗ್ಗೆ 2019ರಲ್ಲಿ ಪ್ರಕಟಿಸಿದ ಅಧ್ಯಯನ ಈ ವ್ಯತ್ಯಾಸವನ್ನು ಗಟ್ಟಿಯಾಗಿ ಬೆಂಬಲಿಸುತ್ತದೆ. ವ್ಯವಸ್ಥಾಪಕರನ್ನು ಸಂತ್ರಸ್ತರಿಗೆ ನೆರವಾಗುವವರೆಂದು ನೋಡಿ ಕೊಟ್ಟ ತರಬೇತಿಯ ನಂತರ ವ್ಯವಸ್ಥಾಪಕ ಹುದ್ದೆಗಳಲ್ಲಿ ಮಹಿಳೆಯರ ಸಂಖ್ಯೆ ಏರಿತ್ತು. ಸಾಮಾನ್ಯ ಸಿಬ್ಬಂದಿಗೆ ನಿಷಿದ್ಧ ನಡವಳಿಕೆಗಳ ಪಟ್ಟಿ ಓದಿ ಹೇಳುವ ತರಬೇತಿಯ ನಂತರ ಕೆಲವು ಗುಂಪುಗಳ ಮಹಿಳೆಯರ ಸಂಖ್ಯೆ ಇಳಿದಿತ್ತು. ನಿಷಿದ್ಧಗಳ ಪಟ್ಟಿ ಬೇಡವೆಂದಲ್ಲ, ಕಾನೂನು ಅದನ್ನು ಕೇಳುತ್ತದೆ. ಅದೊಂದನ್ನೇ ಮಾಡಿ ಕೈತೊಳೆದುಕೊಳ್ಳಬಾರದು.

ಕಡ್ಡಾಯಕ್ಕೆ ಇಲ್ಲಿ ನೈತಿಕ ಸಮರ್ಥನೆಯೂ ಸರಳವಾಗಿದೆ. ಇನ್ನೊಬ್ಬರ ನೇಮಕ, ಬಡ್ತಿ, ವಜಾ ನಿರ್ಧರಿಸುವ ಅಧಿಕಾರ ಕೇಳಿ ಪಡೆದವರಿಗೆ, ಅದನ್ನು ನ್ಯಾಯವಾಗಿ ಬಳಸುವುದನ್ನು ಕಲಿ ಎಂದು ಹೇಳುವುದು ಒತ್ತಾಯವೇ ಅಲ್ಲ, ಹುದ್ದೆಯ ಅರ್ಹತೆ. ಈ ಕಲಿಕೆ ಮುಗಿಸದವರನ್ನು ಸಂದರ್ಶನ ಸಮಿತಿಯಲ್ಲಿ ಕೂರಿಸಬೇಡಿ. ಬೇರೆ ಶಿಕ್ಷೆ ಬೇಡ.

ಪಾಠದ ಬದಲು ಕ್ರಮ ಬದಲಿಸುವುದು

2018ರ ಏಪ್ರಿಲ್‌ನಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದ ಸ್ಟಾರ್‌ಬಕ್ಸ್ ಕಾಫಿ ಮಳಿಗೆಯೊಂದರಲ್ಲಿ ಏನನ್ನೂ ಕೊಳ್ಳದೆ ಯಾರಿಗೋ ಕಾಯುತ್ತಾ ಕೂತಿದ್ದ ಇಬ್ಬರು ಕಪ್ಪು ಪುರುಷರನ್ನು ಪೊಲೀಸರು ಬಂಧಿಸಿದರು. ಕಂಪನಿ ಮೇ 29ರ ಮಧ್ಯಾಹ್ನ ಅಮೆರಿಕದ 8,000ಕ್ಕೂ ಹೆಚ್ಚು ಮಳಿಗೆಗಳ ಬಾಗಿಲು ಹಾಕಿ ಸುಮಾರು 1,75,000 ಸಿಬ್ಬಂದಿಗೆ ಪೂರ್ವಗ್ರಹದ ಬಗ್ಗೆ ತರಬೇತಿ ಕೊಡಿಸಿತು. ಜಗತ್ತಿನ ಪತ್ರಿಕೆಗಳೆಲ್ಲ ಬರೆದದ್ದು ಆ ಮಧ್ಯಾಹ್ನದ ಬಗ್ಗೆ. ಅದೇ ತಿಂಗಳು ಕಂಪನಿ ಇನ್ನೊಂದು ಕೆಲಸವನ್ನೂ ಮಾಡಿತ್ತು: ಏನನ್ನೂ ಕೊಳ್ಳದವರೂ ಮಳಿಗೆಯಲ್ಲಿ ಕೂರಬಹುದು, ಶೌಚಾಲಯ ಬಳಸಬಹುದು ಎಂದು ನಿಯಮ ಬದಲಿಸಿತು. ಯಾರನ್ನು ಎಬ್ಬಿಸಬೇಕು, ಯಾರನ್ನು ಬಿಡಬೇಕು ಎಂದು ಸಿಬ್ಬಂದಿ ಮುಖ ನೋಡಿ ತೀರ್ಮಾನಿಸುವ ಸಂದರ್ಭವನ್ನೇ ಆ ನಿಯಮ ತೆಗೆದುಹಾಕಿತು. ತರಬೇತಿ ಪಡೆದವರು ಕೆಲಸ ಬಿಟ್ಟು ಹೋಗುತ್ತಾರೆ, ಹೊಸಬರು ಬರುತ್ತಾರೆ. ನಿಯಮ ಇರುವಷ್ಟು ಕಾಲ ಎಲ್ಲರ ಮೇಲೂ ಕೆಲಸ ಮಾಡುತ್ತದೆ. 2025ರಲ್ಲಿ ಕಂಪನಿ ಆ ನಿಯಮವನ್ನು ಹಿಂತೆಗೆದುಕೊಂಡಿತು ಎಂಬುದೂ ಈ ದಾರಿಯ ಮಿತಿಯನ್ನು ಹೇಳುತ್ತದೆ.

ನೇಮಕಾತಿಯನ್ನೇ ತೆಗೆದುಕೊಳ್ಳಿ. ಬರ್ಟ್ರಾಂಡ್ ಮತ್ತು ಮುಲೈನಾಥನ್ 2004ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕಾಲ್ಪನಿಕ ಅರ್ಜಿಗಳಲ್ಲಿ ಅರ್ಹತೆಯನ್ನು ಸಮನಾಗಿಟ್ಟು ಹೆಸರನ್ನಷ್ಟೇ ಬದಲಿಸಿದಾಗ, ಬಿಳಿಯರದೆಂದು ತೋರುವ ಹೆಸರಿಗೆ ಶೇ 50ರಷ್ಟು ಹೆಚ್ಚು ಕರೆಗಳು ಬಂದವು. ಅರ್ಜಿ ನೋಡುವವರಿಗೆ ಪಕ್ಷಪಾತ ಬೇಡ ಎಂದು ಉಪದೇಶ ಮಾಡಬಹುದು. ಮೊದಲ ಸುತ್ತಿನಲ್ಲಿ ಹೆಸರು ಕಾಣದಂತೆ ಅರ್ಜಿ ಕೊಡಲೂಬಹುದು. ಎರಡನೆಯದಕ್ಕೆ ಯಾರ ಮನಸ್ಸೂ ಬದಲಾಗಬೇಕಿಲ್ಲ. ಸುಪ್ತ ಪೂರ್ವಗ್ರಹದ ಕುರಿತ 492 ಅಧ್ಯಯನಗಳನ್ನು ಒಟ್ಟಿಗೆ ವಿಶ್ಲೇಷಿಸಿದ ಪ್ಯಾಟ್ರಿಕ್ ಫಾರ್ಶರ್ ಅವರ ತಂಡ 2019ರಲ್ಲಿ ಕಂಡದ್ದೂ ಇದಕ್ಕೆ ಪೂರಕವಾಗಿದೆ: ಆ ಪೂರ್ವಗ್ರಹದ ಅಳತೆಯಲ್ಲಿ ತುಸು ಬದಲಾವಣೆ ತಂದರೂ ಅದರ ಹಿಂದೆಯೇ ನಡವಳಿಕೆ ಬದಲಾಗುತ್ತದೆ ಎಂಬುದಕ್ಕೆ ಆಧಾರ ಸಿಗಲಿಲ್ಲ.

ಸಂದರ್ಶನದ ಕೋಣೆಯಲ್ಲಿ ಇದು ಹೇಗೆ ಕಾಣುತ್ತದೆ ಎಂದು ನೋಡೋಣ. ಅಭ್ಯರ್ಥಿ ಬರುವ ಮೊದಲೇ ಪ್ರಶ್ನೆಗಳು ಬರೆದಿಟ್ಟಿರುತ್ತವೆ, ಎಲ್ಲರಿಗೂ ಅವೇ ಪ್ರಶ್ನೆ, ಅದೇ ಕ್ರಮ. ಎಂಥ ಉತ್ತರಕ್ಕೆ 5 ಅಂಕ, ಎಂಥದಕ್ಕೆ 2 ಎಂಬುದೂ ಹಾಳೆಯಲ್ಲಿರುತ್ತದೆ. ಅಭ್ಯರ್ಥಿ ಎದ್ದು ಹೋದ ಮೇಲೆ ಸಮಿತಿಯ ಸದಸ್ಯರು ಒಬ್ಬರ ಮುಖ ಒಬ್ಬರು ನೋಡುವ ಮುಂಚೆಯೇ ತಮ್ಮ ತಮ್ಮ ಅಂಕ ಬರೆದಿಡುತ್ತಾರೆ, ಆಮೇಲೆ ಚರ್ಚೆ. ಹಿರಿಯರು ‘ಈ ಹುಡುಗ ನಮ್ಮ ತಂಡಕ್ಕೆ ಹೊಂದುತ್ತಾನೆ’ ಎಂದರೆ, ಯಾವ ಉತ್ತರದ ಆಧಾರದ ಮೇಲೆ ಎಂದು ಕಿರಿಯ ಸದಸ್ಯರು ಹಾಳೆ ತೋರಿಸಿ ಕೇಳಬಹುದು. ಈ ಕ್ರಮ ನ್ಯಾಯಕ್ಕಷ್ಟೇ ಅಲ್ಲ, ಕೆಲಸಕ್ಕೂ ಒಳ್ಳೆಯದು. ಆಯ್ಕೆಯ ವಿಧಾನಗಳನ್ನು 2022ರಲ್ಲಿ ಮರುಪರಿಶೀಲಿಸಿದ ಪೌಲ್ ಸ್ಯಾಕೆಟ್ ಮತ್ತು ಸಂಗಡಿಗರು, ಮುಂದಿನ ಕಾರ್ಯಕ್ಷಮತೆಯನ್ನು ಊಹಿಸುವುದರಲ್ಲಿ ಇಂಥ ವ್ಯವಸ್ಥಿತ ಸಂದರ್ಶನಕ್ಕೇ ಮೊದಲ ಸ್ಥಾನ ಕೊಟ್ಟರು.

ನೇಮಕದ ನಂತರದ ಹಂತಕ್ಕೆ ಮಾರ್ಗದರ್ಶಕರ ವ್ಯವಸ್ಥೆ. ಕಿರಿಯರೊಬ್ಬರನ್ನು ಹಿರಿಯರೊಬ್ಬರಿಗೆ ಅಧಿಕೃತವಾಗಿ ಒಪ್ಪಿಸಿ, ಅವರ ಬೆಳವಣಿಗೆ ನಿಮ್ಮ ಕೆಲಸ ಎನ್ನುವುದು. ಡಾಬಿನ್ ಮತ್ತು ಕಾಲೆವ್ ಅವರ ಲೆಕ್ಕದಲ್ಲಿ ಇದು ಹಲವು ಹಿಂದುಳಿದ ಗುಂಪುಗಳ ಪಾಲನ್ನು ಶೇ 9ರಿಂದ 24ರಷ್ಟು ಏರಿಸಿದೆ. ಒಟ್ಟಿಗೆ ದುಡಿಯುವುದರಿಂದ ಆಗುವ ಬದಲಾವಣೆ ಉಪದೇಶದಿಂದ ಆಗದು ಎಂದು ನಾನು ನಂಬುತ್ತೇನೆ, ಆದರೆ ಅದಕ್ಕೂ ಎಲ್ಲೆ ಇದೆ. ಇರಾಕಿನ ಫುಟ್‌ಬಾಲ್ ತಂಡಗಳಲ್ಲಿ ಕ್ರೈಸ್ತರನ್ನೂ ಮುಸ್ಲಿಮರನ್ನೂ ಜೊತೆಗೆ ಆಡಿಸಿ ಸಲ್ಮಾ ಮೂಸಾ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೈದಾನದಲ್ಲಿ ಮೂಡಿದ ಸ್ನೇಹ ಊರಿನೊಳಗಿನ ಅಪರಿಚಿತರವರೆಗೆ ಅಷ್ಟಾಗಿ ಹರಿಯಲಿಲ್ಲ. ಕೆಲಸದ ಜಾಗದ ಮಟ್ಟಿಗೆ ಮೈದಾನದ ಸ್ನೇಹವೇ ಬಹಳ.

ಯಾರಿಗೆ ಯಾವುದು

ಇಪ್ಪತ್ತು ಜನರ ಸಂಸ್ಥೆಗೆ ತರಬೇತಿ ಕಂಪನಿಯನ್ನು ಕರೆಸುವ ಅಗತ್ಯವೇ ಇಲ್ಲ. ಕಾನೂನಿನ ಪಾಠ, ಬರೆದಿಟ್ಟ ಸಂದರ್ಶನದ ಪ್ರಶ್ನೆಗಳು, ದೂರು ಕೇಳಲು ಮಾಲೀಕರಲ್ಲದ ಒಬ್ಬರು ಇದ್ದರೆ ಸಾಕು. ಸಾವಿರಾರು ಜನರಿರುವ ಸಂಸ್ಥೆಗೆ ನಾಲ್ಕೂ ದಾರಿಗಳು ಬೇಕಾಗಬಹುದು, ಆದರೆ ಹಣ ಹೋಗುವ ಕ್ರಮ ತಲೆಕೆಳಗಾಗಬೇಕು: ಮೊದಲು ಕ್ರಮದ ಬದಲಾವಣೆ, ನಂತರ ಅಧಿಕಾರಿಗಳ ಕಲಿಕೆ, ಆಮೇಲೆ ಐಚ್ಛಿಕ ಕಾರ್ಯಾಗಾರ. ದೂರು ಎದ್ದ ಬಿಸಿಯಲ್ಲೇ ಎಲ್ಲರಿಗೂ ತರಬೇತಿ ಘೋಷಿಸುವುದು ಮಾತ್ರ ಯಾವ ಗಾತ್ರದ ಸಂಸ್ಥೆಗೂ ಬೇಡ. ಮೊದಲು ಆ ದೂರನ್ನು ವಿಚಾರಿಸಿ, ನೊಂದವರಿಗೆ ನ್ಯಾಯ ಕೊಡಿ. ದೂರು ಕೊಟ್ಟವರ ದೃಷ್ಟಿಯಲ್ಲಿ, ತಪ್ಪು ಮಾಡಿದವರನ್ನು ಬಿಟ್ಟು ಇಡೀ ಕಚೇರಿಗೆ ಪಾಠ ಹೇಳುವುದು ಕಣ್ಣೊರೆಸುವ ತಂತ್ರವಲ್ಲದೆ ಬೇರೇನೂ ಅಲ್ಲ.

ತರಬೇತಿ ಕೊಂಡುಕೊಳ್ಳುವುದೇ ಆದರೆ ಅವಧಿ ನೋಡಿ. ಕ್ಯಾಟರಿನಾ ಬೆಜ್ರುಕೋವಾ ಮತ್ತು ಸಂಗಡಿಗರು 260 ಮಾದರಿಗಳನ್ನು ಒಟ್ಟುಗೂಡಿಸಿ 2016ರಲ್ಲಿ ಕಂಡಂತೆ, ತರಬೇತಿಯಿಂದ ಬಂದ ತಿಳಿವಳಿಕೆ ಉಳಿಯುತ್ತದೆ, ಮನೋಭಾವದ ಬದಲಾವಣೆ ದಿನ ಕಳೆದಂತೆ ಮಾಸುತ್ತದೆ. ಬೇರೆ ಕ್ರಮಗಳ ಜೊತೆ ಸೇರಿಸಿ, ತಿಳಿವಳಿಕೆಯ ಜೊತೆ ಕೌಶಲವನ್ನೂ ಕಲಿಸಿ, ದೀರ್ಘ ಕಾಲ ನಡೆಸಿದಾಗ ಪರಿಣಾಮ ಹೆಚ್ಚು. ಹಾಗಾಗಿ ಒಂದು ಗಂಟೆಯ ವಿಡಿಯೊ ಮಾರುವವರನ್ನು ಕೇಳಿ: ತರಬೇತಿಗೆ ಮುಂಚೆ ಮತ್ತು ಒಂದು ವರ್ಷದ ನಂತರ ನೀವು ಅಳೆಯುವುದು ಏನನ್ನು? ‘ಭಾಗವಹಿಸಿದವರ ಪೈಕಿ ಇಷ್ಟು ಜನಕ್ಕೆ ಇಷ್ಟವಾಯಿತು’ ಎಂಬ ಉತ್ತರ ಬಂದರೆ ಮಾತು ಅಲ್ಲಿಗೇ ಮುಗಿಸಬಹುದು.

ಅಳೆಯಬೇಕಾದ ಅಂಕಿಗಳು ಬಹುತೇಕ ಸಂಸ್ಥೆಗಳ ಕಡತಗಳಲ್ಲಿ ಈಗಾಗಲೇ ಇವೆ. ಯಾವ ಹಿನ್ನೆಲೆಯವರು ಎಷ್ಟು ಜನ ಅರ್ಜಿ ಹಾಕಿದರು, ಎಷ್ಟು ಜನ ಸಂದರ್ಶನಕ್ಕೆ ಬಂದರು, ಎಷ್ಟು ಜನರಿಗೆ ಕೆಲಸ ಸಿಕ್ಕಿತು. ಮೊದಲ ಬಡ್ತಿಗೆ ಯಾರು ಎಷ್ಟು ವರ್ಷ ಕಾದರು. ಒಂದೇ ಹುದ್ದೆಗೆ ಸಂಬಳ ಎಷ್ಟೆಷ್ಟು. ಎರಡು ವರ್ಷದೊಳಗೆ ಬಿಟ್ಟು ಹೋದವರು ಯಾರು, ಯಾವ ವ್ಯವಸ್ಥಾಪಕರ ಕೈಕೆಳಗಿನವರು. ಈ ಪಟ್ಟಿಯನ್ನು ವರ್ಷಕ್ಕೊಮ್ಮೆ ಆಡಳಿತ ಮಂಡಳಿಯ ಮುಂದಿಟ್ಟು, ಇಳಿಕೆ ಕಂಡ ವಿಭಾಗದ ಮುಖ್ಯಸ್ಥರಿಂದ ಲಿಖಿತ ವಿವರಣೆ ಪಡೆಯಬೇಕು. ತರಬೇತಿಯ ಟೆಂಡರ್ ಕರೆಯುವ ಮುನ್ನ ಒಮ್ಮೆ ಈ ಪಟ್ಟಿ ತಯಾರಿಸಿ ನೋಡಿ. ಎಷ್ಟೋ ಸಂಸ್ಥೆಗಳಲ್ಲಿ ತೊಂದರೆ ಎರಡು ವಿಭಾಗಗಳಲ್ಲೋ ಒಂದೇ ಹಂತದಲ್ಲೋ ಇರುತ್ತದೆ, ಅಲ್ಲಿಗೆ ಬೇಕಾದ ಮದ್ದು ಇಡೀ ಸಂಸ್ಥೆಗೆ ಬೇಕಿರುವುದಿಲ್ಲ.